ಗುಂಡಿನ ಮೂಗಿಗೆ ತಾಗದ ಕಡ್ಡಿ

ಸೂರ್, ಒಮಾನ್
11 ನವೆಂಬರ್ 2024

ಪ್ರೀತಿಯ ಬೀಟ್ರಿಸ್,

ಕಣ್ಣು ಹೇಗಿದೆ? ಹನಿಮದ್ದನ್ನು ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳುತ್ತಿದ್ದೀಯೋ, ಮೀನು ಕೊಯ್ಯುವ ಗಡಿಬಿಡಿಯಲ್ಲಿ ಮರೆಯುತ್ತೀಯೋ? ಇದನ್ನು ಓದಿ ಹೇಳುವುದು ನಿನ್ನ ತಂಗಿ ಎಂದು ಗೊತ್ತು. ರೋಸಲಿಂಡ್, ನಿನ್ನ ಭಾವನ ಬೈಗುಳ ಬಂದಲ್ಲಿ ನುಂಗಬೇಡ, ಇದ್ದ ಹಾಗೆ ಓದು. ಫೋನಿನಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಅದಕ್ಕೇ ಇಂದು ಊರಿಗೆ ಹೊರಟಿರುವ ಆಂಡ್ರಿಯಾಳ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಶುಕ್ರವಾರ ನಿನ್ನ ಕಣ್ಣಿನ ಆಪರೇಷನ್ನಿಗೆ ಬರುತ್ತೇನೆಂದು ಹೇಳಿದ್ದೆ. ಶನಿವಾರ ಬರುತ್ತೇನೆ. ಮುಖ ಊದಿಸಬೇಡ, ಕಾರಣ ಕೇಳು.

ನಾಸರ್ ಎಂಬ ಇಲ್ಲಿಯವನೊಬ್ಬ ನಮ್ಮ ವರ್ಕ್‌ಶಾಪಿಗೆ ಬಂದ. ದೂರದ ಗುರಿಗೆ ಬಂದೂಕು ಹೊಡೆಯುವ ಸ್ಪರ್ಧೆಯವನು. ತೋಟಾವನ್ನು ತಾನೇ ಕಟ್ಟಿಕೊಳ್ಳುತ್ತಾನಂತೆ. ಪರವಾನಗಿ ನೋಡಿಯೇ ನಮ್ಮ ಕಫೀಲ್ ಧಣಿ ಕೆಲಸ ಒಪ್ಪಿದ. ಹಿತ್ತಾಳೆಯ ಕೋಶದ ಬಾಯಿಗೆ ಗುಂಡನ್ನು ಒತ್ತಿ ಕೂರಿಸಲು ಡೈ ಎಂಬ ಉಕ್ಕಿನ ಅಚ್ಚು ಇದೆ. ಅದರೊಳಗೆ ಬೆರಳುದ್ದದ ಕಡ್ಡಿ, ಸ್ಟೆಮ್ ಅನ್ನುತ್ತಾನೆ. ಅದರ ತುದಿಯ ಸಣ್ಣ ಬಟ್ಟಲೇ ಗುಂಡನ್ನು ತಳ್ಳುವುದು. ಅವನ ಹೊಸ ಗುಂಡಿಗೆ ನಿನ್ನ ಅಣ್ಣನ ಹಾಗೆ ಉದ್ದ ಚೂಪು ಮೂಗು. ಹಳೆಯ ಬಟ್ಟಲಿನ ಆಳ ಸಾಲದೆ ಮೂಗು ತಳಕ್ಕೆ ಬಡಿಯುತ್ತದೆ. ಎಲ್ಲ ಗುಂಡಿನ ಮೂಗೂ ಒಂದೇ ಸಮ ಇರುವುದಿಲ್ಲವಲ್ಲ, ಒಂದು ಆಳಕ್ಕಿಳಿಯುತ್ತದೆ, ಇನ್ನೊಂದು ಮೇಲೇ ನಿಲ್ಲುತ್ತದೆ. ಬೇರೆ ಕಂಪನಿಯ ಕಡ್ಡಿ ತರಿಸಿದರೆ ಅದರ ಥ್ರೆಡ್ಡು ಈ ಡೈಗೆ ಹಿಡಿಯಲಿಲ್ಲ. ಅದಕ್ಕೇ ನನ್ನ ಕೈಯಲ್ಲಿ ಹೊಸ ಕಡ್ಡಿ ಮಾಡಿಸಲು ಬಂದದ್ದು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಲೇತಿಗೆ ನಿಂತವ ನಾನು. ಎರಡು ಕಬ್ಬಿಣ ಸೇರುವಲ್ಲಿ ಕೂದಲೂ ನುಸುಳಬಾರದೆಂದೇ ಕಲಿತದ್ದು. ಮೂಗಿನ ಅಚ್ಚಿನ ಹಾಗೇ ಬಟ್ಟಲು ಕೊರೆದೆ. ಗುಂಡು ಕೂರಿಸಿ ಪ್ರೆಸ್ಸಿನ ಹಿಡಿ ಎತ್ತಿದರೆ ಅದು ಬಟ್ಟಲನ್ನೇ ಕಚ್ಚಿಕೊಂಡು ಮೇಲೆ ಬಂತು! ನಾಸರ್ ನಕ್ಕ. ಕೊಂಕಣಿಯಲ್ಲಿ ಬೈದೆ, ಅವನಿಗೆ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು. ಆಮೇಲೆ ಗುಂಡಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಒತ್ತಿ ನೋಡಿದೆ. ಮಸಿ ಕೆರೆದುಹೋದಲ್ಲಿ ತಾಗುತ್ತದೆ ಎಂದು ಲೆಕ್ಕ. ಮೂಗೆಲ್ಲ ತಾಗುತ್ತಿತ್ತು. ಬಟ್ಟಲನ್ನು ಅಗಲಿಸಿದೆ, ಇನ್ನಷ್ಟು ಆಳ ಮಾಡಿದೆ, ಅಂಚು ತಿಕ್ಕಿ ನುಣುಪು ಮಾಡಿದೆ. ಈಗ ಗುಂಡಿನ ಹೆಗಲ ಸುತ್ತ ಬಳೆಯಂಥ ಒಂದು ತೆಳುಗೆರೆ ಮಾತ್ರ, ಮೂಗು ಗಾಳಿಯಲ್ಲಿ. ಮದ್ದಿಲ್ಲದ ಖಾಲಿ ಕೋಶಗಳಲ್ಲಿ ಕೂರಿಸಿ ಅಳೆದರೆ ಎಲ್ಲವೂ ಒಂದೇ ಅಳತೆ.

ಆದರೆ ಇಲ್ಲಿ ಅಳತೆ ಸರಿ ಬಂದರೆ ಅಲ್ಲಿ ಗುರಿಯೂ ಸರಿ ಬೀಳುತ್ತದೆಯೇ? ಅದೇ ತಲೆ ತಿನ್ನುತ್ತಿದೆ. ಶುಕ್ರವಾರ ಅವನ ಸ್ಪರ್ಧೆ, ಬಂದು ನೋಡು ಎಂದಿದ್ದಾನೆ. ಇಷ್ಟು ವರ್ಷ ಪಂಪು, ವಾಲ್ವು ಎಂದು ಏನೇನೋ ಕೊರೆದುಕೊಟ್ಟೆ. ಒಂದಾದರೂ ಎಲ್ಲಿಗೆ ಹೋಯಿತು, ಏನು ಮಾಡಿತು ಎಂದು ನೋಡಿದವನಲ್ಲ. ಇದೊಂದನ್ನು ನೋಡಬೇಕು ಬೀಟ್ರಿಸ್.

ನಿನ್ನದು ಅರ್ಧ ಗಂಟೆಯ ಕೆಲಸವಂತೆ, ತಂಗಿ ಜೊತೆಗಿರುತ್ತಾಳೆ. ದೇವರು ನಿನ್ನ ಮೇಲೆ ಕೈಯಿಟ್ಟಿರಲಿ. ರೋಸಲಿಂಡಳಿಗೆ ನಮಸ್ಕಾರ, ನನ್ನನ್ನು ಕಂಡರೆ ಬೊಗಳುವ ಅವಳ ನಾಯಿಗೂ.

ನಿನ್ನ
ಆಸ್ವಾಲ್ಡ್

ವಿ.ಸೂ.: ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಜೊತೆಗೆ ಕೆಲಸ ಮಾಡುವ ಮಮ್ಮದ್, ನಮ್ಮ ಕ್ರಿಸ್ತಾನರನ್ನು ಊರಿನ ವಾಡಿಕೆಯಂತೆ ಪೊರ್ಬು ಅನ್ನುವವ, ಕೇಳಿದ, "ಬಂದೂಕು ಬಿಡುವವ ಅವ. ನೀವು ಅಲ್ಲಿ ನಿಂತು ಎಂತ ಮಾಡ್ತೀರಿ ಪೊರ್ಬುಗಳೇ?" ಬೈದು ಓಡಿಸಿದೆ. ಆಮೇಲೆ ಟಿಕೆಟಿನವನಿಗೆ ಫೋನ್ ಮಾಡಿದೆ. ಟಿಕೆಟನ್ನು ಗುರುವಾರಕ್ಕೆ ಬದಲಾಯಿಸಿದ್ದೇನೆ, ಆಪರೇಷನ್ನಿಗೂ ಇರುತ್ತೇನೆ, ಕಣ್ಣಿನ ಪಟ್ಟಿ ಬಿಚ್ಚುವಾಗಲೂ ಎದುರಿಗಿರುತ್ತೇನೆ. ನಾಸರ್ ಗುರಿಹಲಗೆಯ ಫೋಟೋ ಕಳಿಸುತ್ತಾನಂತೆ. ನಾನು ನೋಡದೆ ಇಟ್ಟಿರುತ್ತೇನೆ. ತೂತುಗಳು ಒಂದರ ಮೇಲೊಂದು ಬಿದ್ದಿವೆಯೋ, ಚದುರಿವೆಯೋ, ಆ ಕಣ್ಣಿನಿಂದ ನೀನೇ ನೋಡಿ ಹೇಳು.