ಬೀಚಿ ಹೆಡ್‌ನ ಹೊಸ ಬಿಳುಪು

ಪ್ರೀತಿಯ ಏಕ್‌ಹರ್ಸ್ಟ್ ಸರ್,

ನಾನು ನಿಮ್ಮ ಪಕ್ಕಾ ಫ್ಯಾನ್. ಸಮುದ್ರದಿಂದ ನೀವು ತೆಗೆದ ಲೈಟ್‌ಹೌಸ್ ಫೋಟೋಗಳನ್ನು ನೋಡಿಯೇ ಕ್ಯಾಮೆರಾ ಹಿಡಿದವಳು. ನಮ್ಮ ಫೋಟೋ ಕ್ಲಬ್ಬಿನ ಕ್ಯಾಲೆಂಡರ್ ಮುಖಪುಟಕ್ಕೆಂದು ನಾನು ಕಳಿಸಿದ ಬೀಚಿ ಹೆಡ್ ಕಡಲಬಂಡೆಯ ಫೋಟೋವನ್ನು ನೀವು ಗ್ರೂಪಿನಲ್ಲಿ ಎಲ್ಲರೆದುರೇ ತಳ್ಳಿಹಾಕಿದಿರಿ: "ಸುಣ್ಣದ ಬಂಡೆ ಇಷ್ಟು ಬೆಳ್ಳಗಿರಲ್ಲಮ್ಮ, ಕಂಪ್ಯೂಟರಲ್ಲಿ ಬಳಿದಿದ್ದೀಯ."

ಬಳಿದಿಲ್ಲ ಸರ್. ಹೋದ ವಾರದ ಮಳೆಗೆ ಲೈಟ್‌ಹೌಸ್ ಹಿಂದಿನ ಬಂಡೆ ಕುಸಿದಿದೆ. ಒಳಗಿನ ಹೊಸ ಸುಣ್ಣ ಹಾಲಿನಂತಿದೆ, ಅಕ್ಕಪಕ್ಕದ ಹಳೆಯದು ಬೂದು. ಮೇಲಿನ ದಾರಿಯಿಂದ ಅದು ಕಾಣುವುದಿಲ್ಲ, ಸಮುದ್ರದಿಂದಷ್ಟೇ ಕಾಣುತ್ತದೆ. ಮಂಡಿ ಆಪರೇಷನ್ ಆದಮೇಲೆ ನೀವು ಬೋಟ್ ಹತ್ತಿಲ್ಲವಂತೆ.

ಭಾನುವಾರ ಬೆಳಿಗ್ಗೆ ಬನ್ನಿ. ಏಡಿ ಹಿಡಿಯಲು ಸಮುದ್ರದಲ್ಲಿ ಇಳಿಬಿಟ್ಟ ಬುಟ್ಟಿಗಳನ್ನು ಎತ್ತಲು ಅಮ್ಮ ಅತ್ತಲೇ ಹೋಗುತ್ತಾಳೆ. ನಮ್ಮ ಬೋಟ್ ಬೆಣಚುಕಲ್ಲಿನ ದಡದ ಮೇಲೇ ಇರುತ್ತದೆ. ನೀವು ಅಲ್ಲೇ ಹತ್ತಿ ಕುಳಿತರೆ ನಾವು ನೀರಿಗೆ ನೂಕುತ್ತೇವೆ. ಅಮ್ಮ ಹೇಳಿದ್ದು: "ಆ ಯಪ್ಪನ್ನ ಎಷ್ಟು ದೂರ ಬೇಕಾದ್ರೂ ಕರ್ಕೊಂಡು ಹೋಗ್ತೀನಿ, ಬೈಯೋದು ಮಾತ್ರ ದಡದಲ್ಲೇ ಮುಗಿಸಿ ಬರ್ಲಿ."

ನನ್ನ ಫೋಟೋ ಚೆನ್ನಾಗಿದೆ ಸರ್, ನನಗೆ ಗೊತ್ತು. ಕಣ್ಣಾರೆ ನೋಡಿದ ಮೇಲೂ ಸುಳ್ಳು ಅನ್ನಿಸಿದರೆ ವಾಪಸ್ ತೆಗೆದುಕೊಳ್ಳುತ್ತೇನೆ.

ನಿಮ್ಮ ಕ್ಯಾಮೆರಾ ಮರೆಯಬೇಡಿ. ಆ ಬಿಳುಪನ್ನು ನೀವು ತೆಗೆದರೆ ಮುಖಪುಟ ನನಗೆ ಸಿಗುವುದಿಲ್ಲ. ಆದರೂ ತನ್ನಿ.

ದಡದಲ್ಲಿ ಕಾಯುವ,
ಟ್ಯಾಮ್ಸಿನ್ ಟಿಕ್ನರ್