ಬಾಗಿಲ ಮೇಲಿನ ಮಸಿ

ದಕ್ಷಿಣ ಮೆಲ್ಬರ್ನ್
9 ಮೇ 1996

ಪ್ರೀತಿಯ ತಂಗಿ ವಾಯಾ,

ಚೆನ್ನಾಗಿದ್ದೀಯಾ? ಈಸ್ಟರ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಮಂಡಿನೋವು ಅನ್ನಬಹುದಿತ್ತು, ಆದರೆ ಅದು ನೆಪ. ಮನೆಯದೇ ಗಲಾಟೆ.

ನಮ್ಮ ತಗಡಿನ ಮನೆಗೆ ಈಗ ಎಲ್ಲಿಲ್ಲದ ಮರ್ಯಾದೆ! ನೂರನಲವತ್ತು ವರ್ಷದ ಹಿಂದೆ, ಜನಕ್ಕೆ ಚಿನ್ನ ಅಗೆಯುವ ಹುಚ್ಚು ಹಿಡಿದಿದ್ದ ಕಾಲದಲ್ಲಿ, ಊರಲ್ಲಿ ಮಲಗಲು ಸೂರಿಲ್ಲದಾಗ, ಇಂಗ್ಲೆಂಡಿನಿಂದ ಬಿಡಿಬಿಡಿಯಾಗಿ ಹಡಗಿನಲ್ಲಿ ಬಂದು ಇಲ್ಲಿ ಬೋಲ್ಟು ಬಿಗಿಸಿಕೊಂಡು ನಿಂತ ಮನೆಯಂತೆ. ಇಂಥವು ಬೆರಳೆಣಿಕೆಯಷ್ಟೇ ಉಳಿದಿವೆಯಂತೆ. ನಿನ್ನ ಅತ್ತಿಗೆ ಫೋಟಿನಿ ಇದ್ದಿದ್ದರೆ ನಗುತ್ತಿದ್ದಳು. "ಸ್ಟೆರ್ಗಿಯೋ, ಇದು ಮನೆಯಲ್ಲ ಕಣೋ, ರೊಟ್ಟಿ ಸುಡೋ ಗೂಡು. ನಾವೇ ಹಿಟ್ಟು" ಎಂದು ಬೇಸಿಗೆಯಿಡೀ ಗೊಣಗಿದವಳು. ಕಾಫಿ ಅಂಗಡಿಯ ಲೆಫ್ಟೆರಿಸ್ ಬೇರೆ, "ಲೋ, ನಿನ್ನನ್ನೂ ಒಳಗೇ ಇಟ್ಟು ಬೀಗ ಹಾಕ್ತಾರೆ. ಟಿಕೆಟ್ ತಗೊಂಡು ಬಂದು ನೋಡ್ತೀನಿ ಬಿಡು" ಅನ್ನುತ್ತಾನೆ.

ಹಳೆಯ ಕಟ್ಟಡಗಳನ್ನು ಕಾಯುವವರ ಕಡೆಯಿಂದ ಮೊಯ್ರಾ ಎಂಬಾಕೆ ಬಂದಿದ್ದಳು. ನಾನು ಸಹಿ ಹಾಕಿದರೆ ಮನೆಯನ್ನು ಯಾರೂ ಕೆಡವುವಂತಿಲ್ಲ. ಹಾಕದಿದ್ದರೆ ನಾನು ಸತ್ತ ಮೇಲೆ ಕೊಂಡವನು ಒಂದೇ ದಿನದಲ್ಲಿ ಗುಜರಿಗೆ ಹಾಕುತ್ತಾನೆ. ಆದರೆ ಮನೆ ಮೊದಲು ನಿಂತಾಗ ಹೇಗಿತ್ತೋ ಹಾಗೇ ಆಗಬೇಕಂತೆ.

"ಅಡುಗೆಮನೆ ನೀವು ಆಮೇಲೆ ಕಟ್ಟಿದ್ದಲ್ವಾ? ಅದು ಹೋಗುತ್ತೆ" ಅಂದಳು.

"ಹೋಗ್ಲಿ ತಾಯಿ, ಮೊದಲಿಂದ್ಲೂ ಸೊಟ್ಟಗೇ ಇದೆ."

"ಬಾಗಿಲ ಮೇಲೆ ಇದೇನು ಮಸಿ? ಬೆಂಕಿ ಬಿದ್ದಿತ್ತಾ?"

ಈಸ್ಟರ್ ರಾತ್ರಿ ಚರ್ಚಿನ ದೀಪವನ್ನು ಆರದಂತೆ ತಂದು ಅದರ ಹೊಗೆಯಲ್ಲಿ ಶಿಲುಬೆ ಬರೆಯುವುದು ನಮ್ಮ ಗ್ರೀಕರ ಪದ್ಧತಿ, ವರ್ಷ ವರ್ಷವೂ ಅದೇ ಜಾಗದಲ್ಲಿ, ಎಂದೆ. ಪಾಪ, ತಲೆಯಾಡಿಸಿದಳು. ಆದರೂ ಆಮೇಲೆ ಬಂದ ಕಾಗದದಲ್ಲಿ ಆ ಮಸಿಯನ್ನು 'ಇಂಟ್ರೂಸಿವ್' ಎಂದು ಬರೆದು, ತೊಳೆಯಬೇಕು ಎಂದಿತ್ತು. ಥೆಸಲೊನಿಕಿಯ ಕಾಲೇಜಿನಲ್ಲಿ ಕಲಿತ ಒಂದು ವರ್ಷದ ಇಂಗ್ಲಿಷನ್ನು ಕೆದಕಿ ಕೆದಕಿ ಅರ್ಥ ಮಾಡಿಕೊಂಡೆ: ಕರೆಯದೆ ಬಂದು ಸೇರಿಕೊಂಡದ್ದು. ನಾನೂ ಫೋಟಿನಿಯೂ ಇಲ್ಲಿಗೆ ಹಾಗೇ ಬಂದವರಲ್ಲವೇ ವಾಯಾ? ಈ ಮನೆಯೂ ಹಾಗೇ ಬಂದದ್ದು.

ಆ ಒಂದು ಸಾಲನ್ನು ಗೀಟೆಳೆದು ಹೊಡೆದುಹಾಕಿ, ಕೆಳಗೆ ಸಹಿ ಹಾಕಿ ಕೊಟ್ಟೆ. "ಇದನ್ನ ಮೇಲಿನವರು ಒಪ್ಪದೇ ಹೋದ್ರೆ?" ಅಂದಳು ಮೊಯ್ರಾ. "ಹಾಗಾದ್ರೆ ಗುಜರಿಯವನೇ ಬರ್ಲಿ" ಅಂದೆ. ಉತ್ತರ ಇನ್ನೂ ಬಂದಿಲ್ಲ.

ಮೈ ಜೋಪಾನ. ಮಕ್ಕಳು ಮೊಮ್ಮಕ್ಕಳೊಡನೆ ನೂರ್ಕಾಲ ಬಾಳು. ಕನ್ಯಾಮರಿಯಮ್ಮ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ಅಣ್ಣ
ಸ್ಟೆರ್ಗಿಯೋಸ್

ಮ.ವಿ.: ಈ ಸಲ ಶಿಲುಬೆ ಬರೆದೆಯಾ ಎಂದು ಕೇಳಿದ್ದೀಯ. ಹೋದ ವರ್ಷ ಫೋಟಿನಿಗೆ ಬಾಗಿಲ ಮೇಲಕ್ಕೆ ಕೈ ಎಟುಕಲಿಲ್ಲ; ನಾನೇ ಎತ್ತಿಕೊಂಡೆ. ಮಗುವಿನಷ್ಟು ಹಗುರಾಗಿದ್ದಳು. ಅವಳು ಬರೆದ ಶಿಲುಬೆ ಓರೆಯಾಯಿತು. ಈ ವರ್ಷವೂ ದೀಪ ತಂದೆ, ದಾರಿಯಲ್ಲಿ ಆರಲಿಲ್ಲ. ಬರೆದರೆ ಅವಳದರ ಮೇಲೇ ಬರೆಯಬೇಕು. ಹೊಸ್ತಿಲಲ್ಲಿ ನಿಂತು ನಾನೇ ಊದಿ ಆರಿಸಿದೆ.