10,22,117ಕ್ಕೆ ಬಾಕಿಯಿದ್ದ ಒಂದು ಭಾಗಾಕಾರ

ಪ್ರೀತಿಯ ಮೊಂಡಿ,

ನಿಜವಾದ ಹೆಸರಿನಿಂದ ಕರೆದರೆ ನೀನು ತಿರುಗಿಯೂ ನೋಡುವುದಿಲ್ಲ. ಅದಕ್ಕೇ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನಾನಿಟ್ಟ ಹೆಸರಿನಿಂದಲೇ ಶುರುಮಾಡಿದ್ದೇನೆ.

ನಾವಿಬ್ಬರೂ ದುಡಿದ ಆ ದೊಡ್ಡ ಒಗೆಯುವ ಯಂತ್ರವನ್ನು ಮೊನ್ನೆ ಗುಜರಿಗೆ ಹಾಕಿದರು. ನೋಡಲು ಹೋಗಿದ್ದೆ. ಬಾಗಿಲ ಮೇಲಿನ ತಗಡಿನಲ್ಲಿ ಅದರ ನಂಬರು ಹಾಗೇ ಇತ್ತು: 10,22,117. ಯಂತ್ರ ತಿರುಗುವಷ್ಟು ಹೊತ್ತು, ಹಬೆ ಕಟ್ಟಿದ ಕಿಟಕಿ ಗಾಜಿನ ಮೇಲೆ ಬೆರಳಿನಿಂದ ಅದನ್ನು ಭಾಗಿಸುತ್ತಿದ್ದೆವಲ್ಲ! ಎರಡು, ಮೂರು ಮೊದಲೇ ಸೋತವು. ಏಳರಿಂದ ಭಾಗಿಸಿದರೆ ಐದು ಉಳಿಯಿತು. "ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿದ್ರೆ ಸಾಕು ಕಣೆ, ಉಳಿದವೆಲ್ಲ ಅವುಗಳ ಮಕ್ಕಳು" ಎಂದು ನೀನೇ ಕಲಿಸಿದ್ದು. ಇವರಿಬ್ಬರಿಗೂ ತಲೆ ಕೆಟ್ಟಿದೆ ಎಂದು ಮೇಲ್ವಿಚಾರಕಿ ಅಂದುಕೊಂಡಿದ್ದಳು. ಅವಳ ತಪ್ಪೇನೂ ಇರಲಿಲ್ಲ ಬಿಡು.

997ಕ್ಕೂ ಅದು ಜಗ್ಗಲಿಲ್ಲ. ಅಂದು ನೀನು ಕೈ ಒರೆಸಿಕೊಂಡು ಹೇಳಿದೆ: "ಸಾವಿರದ ತನಕ ಬಂದಾಯ್ತು. ಇನ್ಯಾರೂ ಇದನ್ನ ಭಾಗಿಸಲ್ಲ. ಇದೂ ನನ್ನ ಥರಾನೇ, ಒಂಟಿ." ನಾನು ನಕ್ಕೆ. ನೀನು ನಗಲಿಲ್ಲ.

ಆಮೇಲೆ ನೀನು ನಿನ್ನ ಅಣ್ಣನ ಆರೈಕೆಗೆಂದು ಊರು ಬಿಟ್ಟೆ. ಅವರು ತೀರಿಕೊಂಡಾಗ, ನನ್ನ ಜೊತೆ ಬಂದಿರು ಎಂದು ನಾನು ಬರೆದೆ. ಒಂದೇ ಸಾಲಿನ ಉತ್ತರ ಬಂತು: "ನಾನು ಆ ಸಂಖ್ಯೆ ಇದ್ದ ಹಾಗೆ, ನನ್ನ ಪಾಡಿಗೆ ನನ್ನ ಬಿಟ್ಟುಬಿಡು." ಒಂದು ಸಂಖ್ಯೆಯ ಜೊತೆ ಜಗಳವಾಡುವುದು ಹೇಗೆ? ಕಾಗದ ಮಡಚಿಟ್ಟೆ. ಬಳಿಕ ನನ್ನ ಯಜಮಾನರೂ ಹೋದರು. ಈಗ ಸಂಜೆಯಾದರೆ ಕುಕ್ಕರ್ ಕೂಗಿದ್ದಕ್ಕೂ "ಬಂದೆ, ಬಂದೆ" ಎನ್ನುತ್ತೇನೆ. ಒಂಟಿತನದಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ ಮೊಂಡಿ, ಬರೀ ಭಯವಾಗುತ್ತದೆ.

ಗುಜರಿಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಕಾಗದ ತೆಗೆದು ಕೂತೆ. ಸಾವಿರವನ್ನು ಸಾವಿರದಿಂದ ಗುಣಿಸಿದರೆ ಹತ್ತು ಲಕ್ಷ. ನಮ್ಮದು ಅದಕ್ಕಿಂತ ದೊಡ್ಡದು. ಸಾವಿರಕ್ಕಿಂತ ತುಸು ದೊಡ್ಡವೇ ಎರಡು ಸೇರಿ ಅದನ್ನು ಮಾಡಿರಬಹುದಲ್ಲ! 1011ನ್ನು 1011ರಿಂದ ಗುಣಿಸಿದರೆ ನಮ್ಮದನ್ನು ದಾಟಿಬಿಡುತ್ತದೆ, ಹಾಗಾಗಿ ಎರಡರಲ್ಲಿ ಚಿಕ್ಕದು ಅದಕ್ಕಿಂತ ಕೆಳಗೇ ಇರಬೇಕು. 997 ಆದಮೇಲೆ ಅಷ್ಟರೊಳಗೆ ನೋಡಬೇಕಾದ ಅವಿಭಾಜ್ಯ ಇನ್ನೊಂದೇ ಒಂದಿತ್ತು, 1009. ಭಾಗಿಸಿದೆ. ಶೇಷ ಸೊನ್ನೆ. ಭಾಗಲಬ್ಧ 1013, ಅದೂ ಅವಿಭಾಜ್ಯವೇ. ನಂಬಿಕೆ ಬಾರದೆ ಇನ್ನೊಮ್ಮೆ ಮಾಡಿದೆ. ಆಮೇಲೆ ಅತ್ತುಬಿಟ್ಟೆ.

ನೀನು ಇಷ್ಟು ವರ್ಷ ಅಡ್ಡ ಹಿಡಿದುಕೊಂಡಿದ್ದ ಸಂಖ್ಯೆ ಒಂಟಿಯಲ್ಲ ಕಣೆ. ಯಾರಿಗೂ ಬಗ್ಗದ ಎರಡು ಮೊಂಡು ಸಂಖ್ಯೆಗಳು ಸೇರಿ ಆದದ್ದು, ಅದೂ ಒಂದರ ಪಕ್ಕ ಒಂದು ಅನ್ನುವಷ್ಟು ಹತ್ತಿರದವು. ಒಂದೇ ಒಂದು ಭಾಗಾಕಾರ ಉಳಿದಿರುವಾಗ ನೀನು ಕೈ ಒರೆಸಿಕೊಂಡೆ.

ಒಳಕೋಣೆ ಖಾಲಿ ಮಾಡಿಸಿದ್ದೇನೆ, ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ನನ್ನ ಲೆಕ್ಕ ತಪ್ಪು ಅನ್ನಿಸಿದರೆ ಉತ್ತರ ಬರೆಯಬೇಡ. ಬಂದು, ಎದುರು ಕೂತು ತೋರಿಸು.

ನೂರು ಕಾಲ ಚೆನ್ನಾಗಿರು, ಒಬ್ಬಳೇ ಮಾತ್ರ ಇರಬೇಡ.

ಬಾಗಿಲ ಸದ್ದಿಗೆ ಕಿವಿಗೊಟ್ಟಿರುವ,
ನಿನ್ನ ಜೊತೆಗಾತಿ